ಗುರುವಾರದ ದನಿ

‘ಚಿಂತೆ ಎಂದು ಕರೆಯುವಷ್ಟು ದೊಡ್ಡದೇನಲ್ಲ ಇದು. ಅನ್ನದೊಳಗೆ ಸಿಕ್ಕ ಸಣ್ಣ ಕಲ್ಲಿನಷ್ಟು. ಬರೆದಿಟ್ಟರೆ ಹೋದರೂ ಹೋದೀತು. ದಿನಾ ಬೆಳಿಗ್ಗೆ ಕೆಲಸಕ್ಕೆ ಕೂತ ಕೂಡಲೇ ನಾನು ರೋಗಿಗಳ ಪಟ್ಟಿಯಲ್ಲಿ ಮೊದಲು ಒಂದು ಹೆಸರು ಹುಡುಕುತ್ತೇನೆ. ಅದು ಇಲ್ಲವೆಂದು ಖಾತ್ರಿಯಾದ ಮೇಲೆಯೇ ನೀರು ಕುಡಿಯುತ್ತೇನೆ. ಹೀಗೆ ಎಂಟು ತಿಂಗಳಾಯಿತು.’

ಇಷ್ಟು ಬರೆದು ಶಾಲ್ಮಲಾ ಪೆನ್ನಿನ ಟೊಪ್ಪಿಗೆ ಕಚ್ಚಿದಳು. ಯಾವ ಹೆಸರು ಎಂದು ಬರೆದಿದ್ದರೆ ಮಾತು ಮುಗಿಯುತ್ತಿತ್ತು. ಆದರೆ ದಿನಚರಿಯೊಳಗೂ ಅದನ್ನು ಬರೆಯಲು ಕೈ ಏಳಲಿಲ್ಲ. ಬರೆದರೆ ಕರೆದ ಹಾಗಾಗುತ್ತದೆ, ಕರೆದರೆ ಬಂದೇಬಿಡುತ್ತದೆ ಎಂದು ಅವಳಿಗೊಂದು ಪುಕ್ಕಲು. ವಿಜ್ಞಾನ ಓದಿ ಪದವಿ ಪಡೆದವಳಿಗೆ ಇಂಥ ಹೆದರಿಕೆ ಇರಬಾರದೆಂದು ಅವಳಿಗೂ ಗೊತ್ತು. ಗೊತ್ತಿದ್ದರೇನು, ಕಾಲು ಮಾತ್ರ ಮೇಜಿನ ಕೆಳಗೆ ಒಂದೇ ಸಮನೆ ಕುಣಿಯುತ್ತಿತ್ತು.

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನೀಲವ್ವನ ಖಾನಾವಳಿಗೆ ದಿನಕ್ಕೆ ಇನ್ನೂರೈವತ್ತು ರೊಟ್ಟಿ ಬೇಕು. ರೊಟ್ಟಿ ಬಡಿಯುವ ಯಂತ್ರ ಊರಿಗೆ ಬಂದು ಹತ್ತು ವರ್ಷವಾಗಿತ್ತು. ನೀಲವ್ವ ಅದನ್ನು ಒಂದು ದಿನ ತರಿಸಿ, ಅದು ಮಾಡಿದ ಒಂದು ರೊಟ್ಟಿ ತಿಂದು, “ಇದರ ಕೈ ಬೆಚ್ಚಗಿಲ್ಲ” ಎಂದು ಸಂಜೆಯೊಳಗೆ ವಾಪಸು ಕಳಿಸಿದ್ದಳು.

“ಏ ಶಾಲೂ, ಇಷ್ಟೊತ್ತು ಏನ್ ಬರಿಯಾಕತ್ತೀಯವಾ? ನನ್ನ ಜೋಡಿ ಎರಡು ಮಾತಾಡಿದ್ರ ಹಾಳಿನಾದ್ರೂ ಉಳೀತಾವು.”

“ಏನಿಲ್ಲವಾ.”

“ಏನಿಲ್ಲ ಅನ್ನೂದು ಬರಿಯಾಕ ಅರ್ಧ ತಾಸು ಬೇಕೇನು?”

ಶಾಲ್ಮಲಾ ನಕ್ಕು ಪುಸ್ತಕ ಮುಚ್ಚಿದಳು. ಆ ಮನೆಯಲ್ಲಿ ಮಾತಿನ ಪಾಲು ಮೊದಲಿಂದಲೂ ಹೀಗೆಯೇ. ಬಂದವರು “ಏನು ಓದಾಕತ್ತೀ ತಂಗಿ?” ಎಂದು ಇವಳನ್ನು ಕೇಳಿದರೆ ಉತ್ತರ ನೀಲವ್ವನ ಬಾಯಿಂದ ಬರುತ್ತಿತ್ತು. ಕೊನೆಗೊಂದು ಮಾತು ತಪ್ಪದೆ ಸೇರುತ್ತಿತ್ತು: “ನಮ್ಮಾಕಿ ಮಾತು ಕಮ್ಮಿರೀ.” ಕೇಳಿ ಕೇಳಿ ಅದು ಶಾಲ್ಮಲಾಳ ಅಡ್ಡಹೆಸರಿನ ಹಾಗೆ ಆಗಿಬಿಟ್ಟಿತ್ತು.

ಇಂಥವಳಿಗೆ ಸಿಕ್ಕ ಮೊದಲ ಕೆಲಸ ಜನರನ್ನು ಮಾತಾಡಿಸುವುದು! ಊರಿಗೆ ‘ಮೂಲದನಿ’ ಯೋಜನೆ ಬಂದ ವರ್ಷ ಅದು.

ಸನ್ನಿ ಎಂದರೆ ಜನರ ಕಣ್ಣಮುಂದೆ ಬರುವುದು ಒಂದೇ ಚಿತ್ರ. ಜ್ವರ ತಲೆಗೇರಿ ಒದರುವುದು, ಸತ್ತವರನ್ನು ಹೆಸರು ಹಿಡಿದು ಕೂಗುವುದು, ಸಲೈನಿನ ನಳಿಗೆ ಕಿತ್ತೆಸೆಯುವುದು. ಒದರುವ ಸನ್ನಿಯನ್ನು ಯಾರು ಬೇಕಾದರೂ ಗುರುತು ಹಿಡಿದಾರು. ಆದರೆ ವಯಸ್ಸಾದವರನ್ನು ಹಿಡಿಯುವ ಸನ್ನಿ ಎಷ್ಟೋ ಸಲ ಸದ್ದಿಲ್ಲದ್ದು. ಮೈಯೊಳಗೆಲ್ಲೋ ಸೋಂಕು, ರಕ್ತದಲ್ಲಿ ಉಪ್ಪಿನಂಶದ ಕುಸಿತ, ಹೊಸ ಮಾತ್ರೆಯ ಏಟು, ಏನೋ ಒಂದು ಕಾರಣಕ್ಕೆ ಮಿದುಳಿಗೆ ಮಂಕು ಕವಿಯುತ್ತದೆ. ಮುದುಕರು ಸುಮ್ಮನಾಗುತ್ತಾರೆ. ಕೇಳಿದ್ದಕ್ಕೆಲ್ಲ ‘ಹ್ಞೂಂ’ ಅನ್ನುತ್ತಾರೆ. ತಂಟೆ ಮಾಡದ ರೋಗಿ ಎಂದು ದಾದಿಯರಿಗೆ ನೆಮ್ಮದಿ, ವಯಸ್ಸಾಯಿತು ಎಂದು ಮನೆಯವರಿಗೆ ಸಮಾಧಾನ. ಕಾಲುನೋವಿಗೆ ಮುಲಾಮು ಹಚ್ಚಿಸಿಕೊಂಡು ಮನೆಗೆ ಹೋದವರು ನಾಲ್ಕನೆಯ ದಿನ ಮತ್ತೆ ಬರುತ್ತಾರೆ, ಆಗ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಮೊದಲೆಲ್ಲ ಇದನ್ನು ಹಿಡಿಯುವ ದಾರಿ ಒಂದು ಪ್ರಶ್ನೆಯಾಗಿತ್ತು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಮನೆಯವರನ್ನು ಕೂರಿಸಿ ಡಾಕ್ಟರು ಕೇಳಬೇಕು: “ಇವರು ಯಾವಾಗಲೂ ಹೀಗೆಯೇನಾ?” ಮಗ ಒಂದು ಹೇಳಿದರೆ ಸೊಸೆ ಇನ್ನೊಂದು ಹೇಳುವಳು. ಗದ್ದಲದಲ್ಲಿ ಕೇಳಲು ಪುರುಸೊತ್ತೂ ಇರುತ್ತಿರಲಿಲ್ಲ. ಆಗ ಬಂತು ‘ಕಿವಿ’. ಹಾಸಿಗೆಯ ತಲೆದೆಸೆಯಲ್ಲಿ ಕೂರುವ, ಬಟ್ಟಲಿನಷ್ಟು ಗಾತ್ರದ ಯಂತ್ರ. ಮಾತಿನ ಅರ್ಥ ಅದಕ್ಕೆ ಬೇಕಿಲ್ಲ. ಪ್ರಶ್ನೆ ಮುಗಿದು ಉತ್ತರ ಹೊರಡುವ ನಡುವಿನ ಬಿಡುವು, ವಾಕ್ಯದ ಉದ್ದ, ಮಾತು ದಾರಿ ಬಿಟ್ಟು ಮತ್ತೆ ದಾರಿಗೆ ಬರುವ ಬಗೆ, ಕಣ್ಣು ಒಂದು ಕಡೆ ನಿಲ್ಲುವ ಹೊತ್ತು, ಇಷ್ಟನ್ನೇ ಅಳೆಯುತ್ತದೆ. ಅಳೆದು ಬೇರೆ ಯಾರಿಗೂ ಹೋಲಿಸುವುದಿಲ್ಲ, ಅದೇ ಮನುಷ್ಯನ ಆರೋಗ್ಯದ ದಿನದ ದನಿಗೆ ಹೋಲಿಸುತ್ತದೆ. ಆ ದನಿಯೇ ಮೂಲದನಿ. ಅರವತ್ತು ದಾಟಿದ ಎಲ್ಲರ ಮನೆಗೆ ಹೋಗಿ, ಇಪ್ಪತ್ತು ನಿಮಿಷ ಮಾತಾಡಿಸಿ ತುಂಬಿಸಿಕೊಂಡು ಬಂದದ್ದು. ಎರಡೂ ತಾಳೆಯಾದರೆ ಹಸಿರು ಗೆರೆ, ತಾಳೆಯಾಗದಿದ್ದರೆ ಕೆಂಪು.

ಶಾಲ್ಮಲಾ ಆರುನೂರ ಹನ್ನೊಂದು ಮನೆಗಳ ದನಿ ತಂದಿದ್ದಳು. ಆಮೇಲೆ ಅವಳನ್ನು ತೋರಣಗಟ್ಟಿ ಆಸ್ಪತ್ರೆಯ ತುರ್ತು ವಿಭಾಗದ ನಿಗಾ ಕೋಣೆಗೆ ಹಾಕಿದರು. ಕೆಳಗಿನ ಹದಿನೆಂಟು ಹಾಸಿಗೆಗಳ ಗೆರೆಗಳನ್ನು ಮೇಲಿನಿಂದ, ಗಾಜಿನ ಹಿಂದೆ ಕೂತು ನೋಡುವ ಕೆಲಸ. ಯಾರೊಡನೆಯೂ ಮಾತಿಲ್ಲ. ಗೆರೆ ಕೆಂಪಾದರೆ ಸಂದೇಶ ಬೆರಳಚ್ಚಿಸಿದರಾಯಿತು. ಮೇಜಿನ ಬಲಕ್ಕೆ ಕೆಳಗಿನ ಹಾಲಿಗೆ ಕೇಳುವ ಮೈಕೊಂದಿತ್ತು. ಅದರ ಗುಂಡಿಯ ಮೇಲಿನ ತೆಳು ಪ್ಲಾಸ್ಟಿಕ್ಕನ್ನು ಎಂಟು ತಿಂಗಳಿಂದ ಅವಳು ಕಿತ್ತೇ ಇರಲಿಲ್ಲ.

ದಿನಚರಿ ಬರೆದ ಮರುದಿನ, ಮಂಗಳವಾರ. ಒಂಬತ್ತೂ ಹತ್ತಕ್ಕೆ ಅವಳು ಕೂತು ಪಟ್ಟಿ ತೆರೆದಳು.

ಏಳನೆಯ ಹಾಸಿಗೆ. ಇಂದೂಬಾಯಿ ಕಾಗವಾಡ, ಎಪ್ಪತ್ತೆಂಟು. ಬಚ್ಚಲಲ್ಲಿ ಜಾರಿ ಬಿದ್ದು ಎಡ ಮಣಿಕಟ್ಟು ಉಳುಕಿದೆ. ಜ್ವರವಿಲ್ಲ. ಕಿವಿ: ಮೂಲದನಿಗೆ ನೂರಕ್ಕೆ ತೊಂಬತ್ನಾಲ್ಕು ತಾಳೆ. ಹಸಿರು.

ಅವಳು ನೀರಿನ ಬಾಟಲಿ ಎತ್ತಿದ್ದಳು. ಹಾಗೆಯೇ ಕೆಳಗಿಟ್ಟಳು.

ಹದಿನಾಲ್ಕು ತಿಂಗಳ ಹಿಂದಿನ ಒಂದು ಗುರುವಾರ. ಕಂಚಗಾರ ಗಲ್ಲಿಯ ಮನೆ. ಬಾಗಿಲು ತೆರೆದವಳು ನೆಟ್ಟ ಬೆನ್ನಿನ ಮುದುಕಿ, ಕನ್ನಡಕಕ್ಕೆ ಕಪ್ಪು ದಾರ, ಕೈಯಲ್ಲಿ ಸ್ಲೇಟು. ಶಾಲ್ಮಲಾ ಬಾಯಿಪಾಠ ಮಾಡಿಕೊಂಡಿದ್ದ ನಾಲ್ಕು ಸಾಲು ಒಪ್ಪಿಸಿ ಮುಗಿಸುವುದರೊಳಗೆ ಮುದುಕಿ ಬಳಪದಲ್ಲಿ ಬರೆದು ತೋರಿಸಿದ್ದಳು: ‘ಇವತ್ತು ಗುರುವಾರ. ಬಾಯಿಗೆ ವಾರದ ರಜಾ. ನಾಳೆ ಬಾ, ನಿನ್ನ ಯಂತ್ರದ ಕಿವಿ ತೂತು ಬೀಳೂವಷ್ಟು ಮಾತಾಡ್ತೀನಿ.’

ಸ್ಲೇಟಿನ ಮೇಲೂ ಆಕೆ ವಾಚಾಳಿಯೇ. ಬರೆದು, ಸೆರಗಿನಿಂದ ಒರೆಸಿ, ಮತ್ತೆ ಬರೆದು ತನ್ನ ಕಥೆಯೆಲ್ಲ ಹೇಳಿಬಿಟ್ಟಳು. ಹಳೇ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತನಾಲ್ಕು ವರ್ಷ ಬಸ್ಸುಗಳನ್ನು ಕೂಗಿದ ಗಂಟಲು. ವಾರಕ್ಕೊಂದು ದಿನ ಅದಕ್ಕೆ ವಿಶ್ರಾಂತಿ ಕೊಡು ಎಂದು ಡಾಕ್ಟರು ಅಂದದ್ದು ನಿವೃತ್ತಿಯಾದ ಮೇಲೆ ವ್ರತವಾಯಿತಂತೆ. ‘ಮಗ ಈ ವ್ರತಕ್ಕ ದಿನಾ ಕೈ ಮುಗೀತಾನ’ ಎಂದು ಬರೆದು ಸದ್ದಿಲ್ಲದೆ ಮೈ ಕುಲುಕಿ ನಕ್ಕಿದ್ದಳು.

ಮರುದಿನಕ್ಕೆ ಶಾಲ್ಮಲಾಳಿಗೆ ಬೇರೆ ವಾರ್ಡು ಹಂಚಿಕೆಯಾಗಿತ್ತು. ಒಂದು ಮನೆ ಬಾಕಿ ಉಳಿಸಬೇಕೆಂದರೆ ಮೇಲಿನವರಿಗೆ ಫೋನು ಮಾಡಿ ಕಾರಣ ವಿವರಿಸಬೇಕಿತ್ತು. ಒಂದು ಫೋನು. ಎರಡು ನಿಮಿಷದ್ದು. ಅದೊಂದು ಫೋನು ಅವಳ ಎದೆಯ ಮೇಲೆ ಹಂಡೆಯ ಹಾಗೆ ಕೂತಿತ್ತು. ಇನ್ನೂ ಒಂದು ಸಂಗತಿ ಇತ್ತು, ಅದನ್ನವಳು ಯಾರಿಗೂ ಹೇಳಲಾರಳು. ಬೆಳಗಿನಿಂದ ಎಂಟು ಮನೆಗಳಲ್ಲಿ ಮಾತಾಡಿ ಸುಸ್ತಾದವಳಿಗೆ ಆ ಮೌನದ ಮನೆಯಲ್ಲಿ ಹಾಯೆನಿಸಿತ್ತು. ಅವಳು ಯಂತ್ರ ಚಾಲು ಮಾಡಿ, ಇಪ್ಪತ್ತು ಪ್ರಶ್ನೆಗಳನ್ನೂ ಓದಿದಳು. ಹುಡುಗಿ ಯಂತ್ರ ತೋರಿಸುತ್ತಿದ್ದಾಳೆ ಎಂದುಕೊಂಡಿರಬೇಕು, ಮುದುಕಿ ನಗುತ್ತ ತಲೆಯಾಡಿಸಿದಳು, ನಡುನಡುವೆ ‘ಹ್ಞೂಂ’ ಎಂದಳು. ನಮೂನೆಯಲ್ಲಿ ‘ಮಾತಿನ ಸ್ವಭಾವ’ ಎಂಬಲ್ಲಿ ಮೂರೇ ಆಯ್ಕೆ: ವಾಚಾಳಿ, ಸಾಧಾರಣ, ಮಿತಭಾಷಿ. ಇವತ್ತಷ್ಟೇ ಮೌನ ಎನ್ನುವುದಕ್ಕೆ ಅಲ್ಲಿ ಜಾಗವಿರಲಿಲ್ಲ. ಜೀವಮಾನವೆಲ್ಲ ತನ್ನ ಹಣೆಗೆ ಅಂಟಿದ್ದ ಮಾತನ್ನು ಶಾಲ್ಮಲಾ ಆ ಮುದುಕಿಯ ಹೆಸರಿನ ಮುಂದೆ ಒತ್ತಿದಳು. ಕೆಳಗೆ ‘ಗುಣಮಟ್ಟ ಪರಿಶೀಲಿಸಿದ್ದೇನೆ’ ಎಂದು ಸಹಿ.

ಹೊರಡುವಾಗ ಮುದುಕಿ ಶೇಂಗಾ ಉಂಡಿ ಕೊಟ್ಟು, ಸ್ಲೇಟನ್ನು ಮತ್ತೆ ಮುಖಕ್ಕೆ ಹಿಡಿದಿದ್ದಳು. ನಾಳೆ ಬಾ. ಕೆಳಗೆ ಎರಡು ಗೆರೆ.

ನಾಳೆ ಹೋಗೋಣ ಎಂದುಕೊಂಡಳು. ಆಮೇಲೆ ಬರುವ ವಾರ ಎಂದುಕೊಂಡಳು. ಆಮೇಲೆ ಕಂಚಗಾರ ಗಲ್ಲಿ ತಪ್ಪಿಸಿ ಸುತ್ತು ಹಾಕಿ ಹೋಗತೊಡಗಿದಳು.

ಗಾಜಿನ ಕೆಳಗೆ ಏಳನೆಯ ಹಾಸಿಗೆಯ ಮೇಲೆ ಇಂದೂಬಾಯಿ ದಿಂಬಿಗೊರಗಿದ್ದಳು. ಕನ್ನಡಕವಿರಲಿಲ್ಲ. ನೆಟ್ಟ ಬೆನ್ನು ಎಲ್ಲಿ ಹೋಯಿತೋ, ಒಣಹಾಕಿದ ಸೀರೆಯ ಹಾಗೆ ಜೋತಿದ್ದಳು.

ಶಾಲ್ಮಲಾ ಬೆರಳಚ್ಚಿಸಿದಳು: ‘ಏಳನೆಯ ಹಾಸಿಗೆಯ ಮೂಲದನಿಯಲ್ಲಿ ಲೋಪವಿರುವ ಸಾಧ್ಯತೆ ಇದೆ. ದಯವಿಟ್ಟು ಗಮನಿಸಿ.’ ಯಾರ ಲೋಪ, ಎಂಥ ಲೋಪ, ಯಾವುದೂ ಇಲ್ಲದ ವಾಕ್ಯ. ಮೂರು ಸಲ ಓದಿ ಕಳಿಸಿದಳು. ಡಾಕ್ಟರ ತನಕ ಅದು ಹೋಗಲೇ ಇಲ್ಲ. ಯಂತ್ರವೇ ತಡೆದು, ಕ್ಷಣದಲ್ಲಿ ಉತ್ತರ ಕೊಟ್ಟಿತು: ‘ಮೂಲದನಿ ಸರಿಯಾಗಿದೆ. ಗುಣಮಟ್ಟ ಪರಿಶೀಲಿಸಿದವರು: ಶಾಲ್ಮಲಾ ಕಮ್ಮಾರ.’

ತನ್ನ ಹೆಸರೇ ತನ್ನ ಬಾಯಿ ಮುಚ್ಚಿಸಿದ್ದನ್ನು ಅವಳು ಪರದೆಯ ಮೇಲೆ ನೋಡುತ್ತ ಕೂತಳು. ಎದ್ದಳು. ಕೂತಳು. ಮತ್ತೆ ಎದ್ದು ಮೆಟ್ಟಿಲಿಳಿದಳು.

ಹಾಸಿಗೆಯ ಬಳಿ ಮಗ ಭರತೇಶ ನಿಂತಿದ್ದ. ನಲವತ್ತೈದರ ಆಳು, ಮೋಟಾರು ಗಾಡಿಗಳ ಬ್ಯಾಟರಿ ಬದಲಿಸುವ ಅಂಗಡಿಯವನು, ಅಂಗಿಯ ತುಂಬ ಮಸಿ. ಕೂರುವುದಕ್ಕೆ ಏನೂ ಇರಲಿಲ್ಲ. ಕಿವಿ ಬಂದ ವರ್ಷವೇ ಮನೆಯವರ ಸ್ಟೂಲುಗಳನ್ನು ಎತ್ತಿಸಿ ಪಡಸಾಲೆಯಲ್ಲಿ ಹೂಕುಂಡ ಇಡಲು ಬಳಸಿದ್ದರು. ಅವನ ಎದುರಿಗೆ ಡಾಕ್ಟರ್ ಹಂಚಿನಾಳ.

“ಹೆಂಗ ಹೇಳ್ಲಿ ಸರ ನಿಮಗ,” ಅನ್ನುತ್ತಿದ್ದ ಭರತೇಶ, “ನಿನ್ನಿ ಸಂಜಿಯಿಂದ ನಮ್ಮವ್ವ ನನಗ ಒಮ್ಮೆನೂ ಬೈದಿಲ್ಲರಿ. ಚಹಾದಾಗ ಸಕ್ರಿ ಹಾಕೂದು ಮರತು ಕೊಟ್ಟೆ, ಸುಮ್ನ ಕುಡದ್ಲು. ಬೈಲಿಲ್ಲ ಅಂದ್ರ ಏನೋ ಆಗೇತ್ರಿ.”

“ಬಿದ್ದಾರಲ್ಲ, ಅಂಜಿರ್ತಾರ,” ಎಂದರು ಡಾಕ್ಟರು. ಸಿಟ್ಟಿನ ಮನುಷ್ಯನಲ್ಲ. ಸ್ವಂತ ತಂದೆಯ ಸದ್ದಿಲ್ಲದ ಸನ್ನಿಯನ್ನು ಬೇರೆ ಊರಿನ ಆಸ್ಪತ್ರೆಯವರು ಮುಪ್ಪು ಎಂದು ಬಗೆದು ಮನೆಗೆ ಕಳಿಸಿದ್ದರು, ಆತ ಉಳಿಯಲಿಲ್ಲ. ಕಿವಿ ಈ ಊರಿಗೆ ಬರಲೆಂದು ವರ್ಷಗಟ್ಟಲೆ ಓಡಾಡಿದವರು ಇವರೇ. “ನೋಡ್ರಿ ಇಲ್ಲೆ. ಇದು ನಮ್ಮ ಅಂದಾಜಲ್ಲ, ನಿಮ್ಮ ತಾಯಿದ ದನಿ, ಅವರ ಮನ್ಯಾಗ ತಗೊಂಡದ್ದು. ಅವರು ಸ್ವಭಾವದಿಂದ ಮಾತು ಕಮ್ಮಿ ಅಂತ ಐತಿ.”

“ಯಾರು, ನಮ್ಮವ್ವ?” ಭರತೇಶನಿಗೆ ಅಂಥ ಹೊತ್ತಿನಲ್ಲೂ ನಗು ಉಕ್ಕಿತು. “ಸರ, ಹಳೇ ಬಸ್ ಸ್ಟ್ಯಾಂಡಿನ್ಯಾಗ ಯಾರನ್ನ ಬೇಕಾದ್ರೂ ಕೇಳ್ರಿ.”

ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟರು. “ಮನ್ಯಾಗಿನವರು ಒಬ್ಬೊಬ್ಬರು ಒಂದೊಂದು ಹೇಳ್ತಾರಂತನ ಇದನ್ನ ತಂದೀವಿ. ಕೈ ಕಟ್ಟಿ ಹನ್ನೆರಡೂವರಿಗೆ ಕಳಸ್ತೀವಿ. ಮಲಗಿಸ್ರಿ, ಆರಾಮ ಆಗ್ತಾರ.” ತಿರುಗಿದವರಿಗೆ ಶಾಲ್ಮಲಾ ಕಂಡಳು. ಮೇಲಿನ ಗಾಜಿನ ಕೋಣೆಯ ಹುಡುಗಿ ಎಂದು ಮುಖ ಗೊತ್ತು, ಅಷ್ಟೇ. “ಏನವಾ?”

ಬಾಯೊಳಗೆ ವಾಕ್ಯ ತಯಾರಿತ್ತು. ನಾಲಿಗೆಯ ತುದಿಗೂ ಬಂತು.

“ನೀರು... ಆಯಿಗೆ ನೀರು ಕುಡಿಸ್ಯಾರೇನ್ರಿ?”

“ಸಿಸ್ಟರ್‌ನ ಕೇಳ್ರಿ,” ಎಂದು ಡಾಕ್ಟರು ಹನ್ನೆರಡನೆಯ ಹಾಸಿಗೆಯ ಕಡೆ ನಡೆದುಬಿಟ್ಟರು.

ಆ ವಾಕ್ಯ ಹೊರಬಿದ್ದರೆ ಏನೇನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆರುನೂರ ಹನ್ನೊಂದು ದನಿಗಳ ಮೇಲೂ ಗುಮಾನಿ ಬೀಳುತ್ತದೆ. ಕೆಲಸ ಹೋಗುತ್ತದೆ. ಖಾನಾವಳಿಗೆ ಬಂದವರಿಗೆಲ್ಲ “ನನ್ನ ಮಗಳು ದೊಡ್ಡ ಆಸ್ಪತ್ರ್ಯಾಗ ಯಂತ್ರ ನೋಡ್ಕೋತಾಳ” ಎಂದು ರೊಟ್ಟಿಯ ಜತೆ ಬಡಿಸುವ ನೀಲವ್ವನ ಮಾತಿಗೆ ಮಣ್ಣು ಬೀಳುತ್ತದೆ. ಬೀಳಲಿ ಎನ್ನೋಣ. ಒಂದು ವೇಳೆ ಮುದುಕಿಗೆ ನಿಜಕ್ಕೂ ಬರಿಯ ಸುಸ್ತೇ ಆಗಿದ್ದರೆ? ಸುಮ್ಮನೆ ಊರೆಲ್ಲ ಡಂಗುರ ಹೊಡೆದ ಹಾಗಾಗಲಿಲ್ಲವೇ? ಈ ‘ಒಂದು ವೇಳೆ’ಯನ್ನು ಅವಳು ಬಿಗಿಯಾಗಿ ಹಿಡಿದುಕೊಂಡು ರಸ್ತೆ ದಾಟಿ ಖಾನಾವಳಿಗೆ ಬಂದಳು.

ಹನ್ನೆರಡರ ಹೊತ್ತು. ನೀಲವ್ವ ಬದನೆಕಾಯಿ ಹೋಳು ಮಾಡುತ್ತಿದ್ದಳು. ಮಗಳ ಮುಖ ನೋಡಿದವಳೇ ಚಹಾದ ಬಟ್ಟಲು ಮುಂದಿಟ್ಟಳು.

“ಯಾಕ, ಮುಖ ಸುಟ್ಟ ಬದನಿಕಾಯಿ ಆಗೇತಿ?”

“ಏನಿಲ್ಲ... ಅವ್ವಾ, ಬಸ್ ಸ್ಟ್ಯಾಂಡಿನ್ಯಾಗ ಕೂಗ್ತಿದ್ದರಲ್ಲ, ಇಂದೂಬಾಯಿ ಅಂತ...”

“ಇಂದಕ್ಕಾರು?” ನೀಲವ್ವನ ಈಳಿಗೆ ನಿಂತಿತು. “ಅಯ್ಯ, ಅವರ ದನಿ ಯಾರು ಮರೀತಾರ! ಲಗ್ನ ಆಗಿ ಮೊದಲನೇ ಸಲ ಒಬ್ಬಾಕೀನ ತವರಿಗೆ ಹೊಂಟಿದ್ನಿ ನೋಡು. ಯಾವ ಬಸ್ಸು, ಎಲ್ಲಿ ನಿಂತದ, ಒಂದೂ ತಿಳೀವಲ್ತು. ಟ್ರಂಕ್ ಹಿಡಕೊಂಡು ಅಳಾಕ ಹತ್ತೀನಿ. ಮ್ಯಾಲಿಂದ ದನಿ ಬಂತು: ‘ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮಾರ್ಗವಾಗಿ ಬಾಗಲಕೋಟಿಗೆ ಹೋಗುವ ಬಸ್ಸು ನಾಲ್ಕನೇ ಅಂಕಣದಲ್ಲಿ ನಿಂತಿದೆ.’ ಹಿಂದಿಂದ, ‘ಕೆಂಪು ಸೀರಿ ಉಟ್ಟು ಟ್ರಂಕ್ ಹಿಡದ ತಂಗಿ, ನಿಂದೂ ಅದ ಬಸ್ಸು. ಕಣ್ಣು ಒರಸ್ಕೋ, ಡ್ರೈವರಗ ನಿಲ್ಲಂತ ಹೇಳೀನಿ.’ ಇಡೀ ಬಸ್ ಸ್ಟ್ಯಾಂಡು ನನ್ನ ನೋಡಿ ನಗಾಕತ್ತು! ಆದ್ರ ಬಸ್ಸು ಸಿಕ್ತಲ್ಲ.”

“ಅವರು... ಮಾತು ಕಮ್ಮಿ ಅಂತ...”

“ಯಾರಂದಾರ ಹಂಗ? ಅಂದಾಕಿಗೆ ಕಿವಿ ಕೇಳಿಸೂದಿಲ್ಲೇನು?” ನೀಲವ್ವ ಮತ್ತೆ ಬದನೆಕಾಯಿ ಎತ್ತಿಕೊಂಡಳು. “ಯಾಕ, ಅವರಿಗೇನಾತು?”

ಶಾಲ್ಮಲಾ ಚಹಾ ಮುಗಿಸದೆ ಎದ್ದಿದ್ದಳು.

ಅವಳ ತಲೆಯಲ್ಲಿ ಆ ಊರುಗಳ ಹೆಸರುಗಳೇ ಓಡುತ್ತಿದ್ದವು. ತರಬೇತಿಯಲ್ಲಿ ಒಂದು ಪರೀಕ್ಷೆ ಹೇಳಿಕೊಟ್ಟಿದ್ದರು. ಯಂತ್ರ ಬರುವ ಮೊದಲಿನ ಕಾಲದ್ದು, ಕೈಯಷ್ಟೇ ಸಾಕು. ರೋಗಿಯ ಕೈ ಹಿಡಿದು ಒಂದಾದ ಮೇಲೊಂದು ಪದ ಹೇಳುತ್ತ ಹೋಗಬೇಕು. ಗೊತ್ತು ಮಾಡಿದ ಒಂದು ಪದ ಬಂದಾಗಲೆಲ್ಲ ರೋಗಿ ಕೈ ಅದುಮಬೇಕು. ನೆನಪಿನ ಪರೀಕ್ಷೆಯಲ್ಲ ಅದು, ಗಮನದ್ದು. ಸನ್ನಿ ಮೊದಲು ಕದಿಯುವುದು ಗಮನವನ್ನೇ.

ಅವಳು ಆಸ್ಪತ್ರೆಗೆ ವಾಪಸು ಬಂದಾಗ ಭರತೇಶ ಔಷಧಿ ತರಲು ಹೋಗಿದ್ದ. ಇಂದೂಬಾಯಿಯ ಎಡ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಬಲಗೈ ಹೊದಿಕೆಯ ಅಂಚನ್ನು ಮಡಚುತ್ತಿತ್ತು, ಬಿಡಿಸುತ್ತಿತ್ತು, ಮತ್ತೆ ಮಡಚುತ್ತಿತ್ತು. ವೇಳಾಪಟ್ಟಿಯ ಪುಸ್ತಕದಲ್ಲಿ ಸಿಗದ ಹಾಳೆಯೊಂದನ್ನು ಹುಡುಕುವವರ ಹಾಗೆ. ಶಾಲ್ಮಲಾ ಆ ಕೈ ಹಿಡಿದಳು. ಒಣಗಿ ಬಿಸಿಯಾಗಿತ್ತು.

“ಆಯಿ, ನಾ ಊರು ಹೇಳ್ತೀನ್ರಿ. ಬಾಗಲಕೋಟಿ ಅಂದಾಗ ನನ್ನ ಕೈ ಗಟ್ಟಿ ಹಿಡೀರಿ. ತಿಳೀತಿಲ್ಲೋ?”

“ಹ್ಞೂಂ.”

“ನವಲಗುಂದ. ನರಗುಂದ. ಬಾಗಲಕೋಟಿ.”

ಕೈ ಬಿಗಿಯಿತು. ಶಾಲ್ಮಲಾಳಿಗೆ ಒಂದು ಕ್ಷಣ ಜೀವ ಬಂದಂತಾಯಿತು. ಬರಿಯ ಸುಸ್ತು, ಅಷ್ಟೇ.

“ಗದಗ. ಬಾಗಲಕೋಟಿ.”

ಏನೂ ಇಲ್ಲ. ಆಯಿಯ ಕಣ್ಣು ಅವಳ ಮುಖದಿಂದ ಜಾರಿ ಗೋಡೆಗೆ, ಗೋಡೆಯಿಂದ ಸಲೈನಿನ ಕಂಬಕ್ಕೆ ಹೋಗಿತ್ತು.

“ಆಯಿ. ಇಲ್ಲೆ ನೋಡ್ರಿ. ಬಾಗಲಕೋಟಿ. ಅಣ್ಣಿಗೇರಿ.”

ಅಣ್ಣಿಗೇರಿಗೆ ಕೈ ಬಿಗಿಯಿತು. ಬಿಗಿದದ್ದು ಸಡಿಲಲಿಲ್ಲ. ಮೂವತ್ತನಾಲ್ಕು ವರ್ಷ ಒಂದು ಬಸ್ಸನ್ನೂ ತಪ್ಪು ಅಂಕಣಕ್ಕೆ ಕಳಿಸದ ಹೆಂಗಸು ಐದು ಊರಿನ ಹೆಸರುಗಳ ನಡುವೆ ದಾರಿ ತಪ್ಪಿ, ಸಿಕ್ಕ ಕೈಯನ್ನು ಹಿಡಿದುಕೊಂಡು ನಿಂತಿದ್ದಳು. ತಲೆದೆಸೆಯಲ್ಲಿ ಕಿವಿ ಹಸಿರಾಗಿ ಹೊಳೆಯುತ್ತಿತ್ತು. ತೊಂಬತ್ತೈದು. ಹೊತ್ತು ಹೋದಂತೆ ಇಂದೂಬಾಯಿ ಇನ್ನಷ್ಟು ಮಂಕಾಗುತ್ತಿದ್ದಳು, ಮಂಕಾದಷ್ಟೂ ಆ ಗುರುವಾರಕ್ಕೆ ಹೆಚ್ಚು ಹೆಚ್ಚು ತಾಳೆಯಾಗುತ್ತಿದ್ದಳು.

ಗಡಿಯಾರ ಹನ್ನೆರಡೂ ಇಪ್ಪತ್ತು. ಡಾಕ್ಟರ್ ಹಂಚಿನಾಳ ಹಾಲಿನ ಆ ತುದಿಯಲ್ಲಿ, ಅಪಘಾತದಲ್ಲಿ ಬಂದ ಇಬ್ಬರ ನಡುವೆ, ರಕ್ತದ ಕೈಗವಸಿನಲ್ಲಿ. ಶಾಲ್ಮಲಾ ಅತ್ತ ನಾಲ್ಕು ಹೆಜ್ಜೆ ಹಾಕಿದಳು. “ಸರ” ಎಂದಳು. ಅದು ಅವಳಿಗೇ ಕೇಳಿಸಲಿಲ್ಲ. ಪಕ್ಕದಿಂದ ಸ್ಟ್ರೆಚರು ದಬದಬ ಓಡಿತು, ದಾದಿಯೊಬ್ಬಳು “ಸರೀರಿ, ಸರೀರಿ!” ಎಂದು ಅವಳನ್ನು ಗೋಡೆಗೆ ತಳ್ಳಿದಳು. ಗೋಡೆಗೆ ಒತ್ತಿ ನಿಂತಲ್ಲಿಂದ ಅವಳಿಗೆ ಎರಡು ಕಂಡವು. ಔಷಧಿಯ ಚೀಲ ಹಿಡಿದ ಭರತೇಶ ಗಾಲಿಕುರ್ಚಿ ತಳ್ಳಿಕೊಂಡು ಏಳನೆಯ ಹಾಸಿಗೆಯ ಕಡೆ ಬರುತ್ತಿದ್ದುದು. ಮತ್ತೆ ಮೇಲೆ, ಗಾಜಿನ ಹಿಂದೆ, ತನ್ನ ಖಾಲಿ ಕುರ್ಚಿ.

ಅವಳು ಓಡಿದಳು. ಎರಡೆರಡು ಮೆಟ್ಟಿಲು.

ಮೈಕಿನ ಗುಂಡಿಯ ಮೇಲಿನ ಪ್ಲಾಸ್ಟಿಕ್ಕಿಗೆ ಉಗುರು ಸಿಗಲಿಲ್ಲ. ಹಲ್ಲಿನಿಂದ ಕಚ್ಚಿ ಕಿತ್ತಳು. ಒತ್ತಿದಳು. ಮೊದಲು ಹಾಲಿನಲ್ಲಿ ಕೇಳಿದ್ದು ಅವಳ ಏದುಸಿರು. ಕೆಳಗಿನ ತಲೆಗಳು ಒಂದೊಂದಾಗಿ ಮೇಲೆದ್ದವು. ಎಲ್ಲರಿಗಿಂತ ಮೊದಲು ಎದ್ದದ್ದು ಇಂದೂಬಾಯಿಯ ತಲೆ. ಧ್ವನಿವರ್ಧಕ ಎಲ್ಲಿದೆ ಎಂದು ಕಣ್ಣು ಒಂದು ಗಳಿಗೆ ಹುಡುಕಿತು, ಮತ್ತೆ ಮಂಕಾಗಿ ಕೆಳಗಿಳಿಯಿತು.

“ಏಳನೇ...” ದನಿ ಒಡೆಯಿತು. “ಏಳನೇ ಹಾಸಿಗ್ಯಾಗಿನ ಆಯಿನ್ನ ಮನಿಗೆ ಕಳಸಬ್ಯಾಡ್ರಿ. ಅವರ ಮೂಲದನಿ ತಪ್ಪೈತಿ.”

ಗಾಲಿಕುರ್ಚಿ ಅಲ್ಲೇ ನಿಂತಿತು. ಡಾಕ್ಟರು ಕೈಗವಸು ಕಳಚುತ್ತ ಏಳನೆಯ ಹಾಸಿಗೆಗೆ ಬಂದರು. ಗೆರೆ ನೋಡಿದರು, ಮುದುಕಿಯನ್ನು ನೋಡಿದರು, ಆಮೇಲೆ ತಲೆದೆಸೆಯ ಕಿವಿ ಯಂತ್ರದ ಹತ್ತಿರ ಬಗ್ಗಿದರು. ಅದರ ಮೂಲಕ ಅವರ ಮಾತು ನಿಗಾ ಕೋಣೆಯಲ್ಲಿ ಪಕ್ಕದಲ್ಲೇ ನಿಂತು ಆಡಿದಂತೆ ಕೇಳಿತು.

“ತಪ್ಪು ಅಂದ್ರ ಎಂಥಾ ತಪ್ಪು? ಅವತ್ತು ಯಂತ್ರ ಕೆಟ್ಟಿತ್ತೋ? ಇಲ್ಲಾ ಅವತ್ತೂ ಇವರಿಗೆ ಆರಾಮ ಇದ್ದಿಲ್ಲೋ? ಇದು ಹಳೇ ಬ್ಯಾನಿಯೋ ನಿನ್ನಿ ಸುರುವಾಗಿದ್ದೋ ಅನ್ನೂದು ನನಗ ಈಗಿಂದೀಗ ಗೊತ್ತಾಗಬೇಕು.” ಪರದೆಯ ಮೇಲೆ ಬೆರಳಾಡಿಸಿದರು. “ಪರಿಶೀಲಿಸಿದಾಕಿ ಶಾಲ್ಮಲಾ ಕಮ್ಮಾರ ಅಂತ ಐತಿ. ಯಾರಾಕಿ? ಆಕಿ ನಂಬರ್ ಹುಡುಕ್ರಿ, ಆಕಿನ್ನ ಕೇಳೂಣು.”

ಎಂಟು ತಿಂಗಳು ಅವರ ತಲೆಯ ಮೇಲೆಯೇ ಕೂತಿದ್ದವಳ ಹೆಸರು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವಂತೆ ಅವಳು ಯಾವತ್ತೂ ಒಂದು ಮಾತಾಡಿದ್ದರಲ್ಲವೇ! ಈಗ ಸುಮ್ಮನಿದ್ದರೂ ನಡೆಯುತ್ತಿತ್ತು. ಹುಡುಕುತ್ತೇನೆ ಎಂದು ಹೇಳಿ ಒಂದು ತಾಸು ಕಳೆಯಬಹುದಿತ್ತು. ಯಂತ್ರ ಕೆಟ್ಟಿತ್ತು ಎಂದರೂ ಯಾರೂ ಅಲ್ಲವೆನ್ನುತ್ತಿರಲಿಲ್ಲ. ಕೆಳಗೆ ಇಂದೂಬಾಯಿಯ ಬಲಗೈ ಮತ್ತೆ ಹೊದಿಕೆಯ ಹಾಳೆಗಳನ್ನು ತಿರುವತೊಡಗಿತ್ತು.

“ನಾನ ರೀ ಸರ ಶಾಲ್ಮಲಾ,” ಎಂದಳು. “ಯಂತ್ರ ನೆಟ್ಟಗಿತ್ತು. ಆಯಿನೂ ನೆಟ್ಟಗಿದ್ರು. ಅವತ್ತು ಗುರುವಾರ. ಗುರುವಾರ ಅವರು ಮಾತಾಡೂದಿಲ್ಲ, ವ್ರತ. ಉಳದ ದಿನ ಬಾಯಿ ಮುಚ್ಚೂದಿಲ್ಲಂತ.”

ಭರತೇಶ ಗಾಜಿನ ಕಡೆ ಕೈಯೆತ್ತಿ ಏನೋ ಕೂಗಿದ. ಹೌದು ಹೌದು ಎಂದಿರಬೇಕು. ಡಾಕ್ಟರ್ ಹಂಚಿನಾಳ ಕಿವಿಯ ಹಸಿರು ಬೆಳಕನ್ನು ಅಂಗೈಯಿಂದ ಮುಚ್ಚಿ, ದಾದಿಗೆ ರಕ್ತ, ಮೂತ್ರ, ತಲೆಯ ಸ್ಕ್ಯಾನು ಎಂದು ಬಡಬಡ ಹೇಳಿ, ಪಡಸಾಲೆಯ ಕಡೆ ಕೈ ತೋರಿಸಿದರು. ಯಾರೋ ಓಡಿಹೋಗಿ ಹೂಕುಂಡ ಇಳಿಸಿ ಸ್ಟೂಲು ತಂದಿಟ್ಟರು. ಡಾಕ್ಟರು ಭರತೇಶನನ್ನು ಅದರ ಮೇಲೆ ಕೂರಿಸಿದರು. ಕೂರಿಸಿ, ಅವನನ್ನು ಏನಾದರೂ ಕೇಳುವ ಮೊದಲು, ಮತ್ತೊಮ್ಮೆ ತಲೆಯೆತ್ತಿ ಗಾಜಿನ ಕಡೆ ನೋಡಿದರು.

“ನಿಮಗ ಅವತ್ತು ಇದು ಗೊತ್ತಿತ್ತೇನವಾ?”

ಇಡೀ ಹಾಲು ಕೇಳುತ್ತಿತ್ತು. ಶಾಲ್ಮಲಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಗೊತ್ತಿತ್ರಿ. ನಾಳೆ ಬಾ ಅಂತ ಸ್ಲೇಟಿನ ಮ್ಯಾಲೆ ಬರದು, ಕೆಳಗ ಎರಡು ಗೆರಿ ಎಳದಿದ್ರು. ನಾ ಹೋಗಲಿಲ್ಲ.”